ಗಂಟೆ ಹೊಡೆದರೆ ಕಣ್ಣು ಮುಚ್ಚುವ ಕ್ಯಾಮೆರಾ

ಸಿಯೆನಿಯ ಮನೆಯ ಕ್ಯಾಮೆರಾಕ್ಕೆ ಊರಿನ ಪಾದ್ರಿಗಿಂತ ಹೆಚ್ಚಿನ ಭಕ್ತಿ ಇತ್ತು. ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆದರೆ ಸಾಕು, ಅದು ಕಣ್ಣು ಮುಚ್ಚುತ್ತಿತ್ತು. ಮನೆಮನೆಯಲ್ಲೂ ಹಾಡು ಮುಗಿದು ಕೊನೆಯ ಆಮೆನ್ ಆದ ಮೇಲೆ ಮತ್ತೆ ತೆರೆಯುತ್ತಿತ್ತು. ಮೊದಮೊದಲು ಎಲ್ಲರೂ ಬಿದ್ದುಬಿದ್ದು ನಕ್ಕರು. ಅದು ಕಣ್ಣು ಮುಚ್ಚಿದ ಹೊತ್ತಿನಲ್ಲೇ ಅಂಗಡಿಯ ಸಾಮಾನು ಮಾಯವಾಗುತ್ತಿದೆ ಎಂದು ಗೊತ್ತಾದ ಮೇಲೆ ಯಾರೂ ನಗಲಿಲ್ಲ.

ಅಂಗಡಿ ಎಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆಗೆ ಜಾಲರಿ ಬಡಿದು, ಹಲಗೆ ಹಾಕಿ, ಅದರ ಮೇಲೆ ಡಬ್ಬಿ ಮೀನು, ಡಬ್ಬಿ ಮಾಂಸ, ಸೋಪು, ಸಿಗರೇಟು ಜೋಡಿಸಿಟ್ಟದ್ದು. ಅಂಥದಕ್ಕೂ ಯಾರೋ ಕೈಹಾಕುತ್ತಿದ್ದಾರೆ ಎಂದು ಸಿಯೆನಿ ಫೋನಿನಲ್ಲಿ ಗೋಳಾಡಿದಾಗ, ಸಮುದ್ರದಾಚೆ ಆಕ್ಲೆಂಡಿನ ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ತಮ್ಮ ಸಿಯಾಕಿ ಈ ಕ್ಯಾಮೆರಾ ಕಳಿಸಿದ್ದ. ಅಕ್ಕನ ಅಂಗಡಿಯನ್ನು ಅಲ್ಲಿಂದಲೇ ತನ್ನ ಫೋನಿನಲ್ಲಿ ನೋಡಬಹುದು ಎಂಬುದು ಅವನ ಹೆಮ್ಮೆ. ಅದನ್ನು ಗೋಡೆಗೆ ಕೂರಿಸಿ, ತಂತಿ ಎಳೆದು, ನಡೆಯುವಂತೆ ಮಾಡಿದವನು ಪೆನಿ.

ಪೆನಿ ಸಿಯೆನಿಯ ಅಕ್ಕನ ಮಗ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಹೆತ್ತ ಮಕ್ಕಳಿಲ್ಲದ ಸಿಯೆನಿ ಅವನನ್ನು ಸೊಂಟದ ಮೇಲೆ ಹೊತ್ತು ತಂದಳು. ಉಣ್ಣಿಸಿದಳು, ಬೈದಳು, ಪೊರಕೆಯಲ್ಲಿ ಬಾರಿಸಿದಳು, ಜ್ವರ ಬಂದಾಗ ಪಕ್ಕದಲ್ಲೇ ಕೂತು ಅತ್ತಳು. ಈಗ ಅವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಗಂಡಸು. ಮಾತು ಕಮ್ಮಿ. ಆದರೆ ಕೆಟ್ಟ ಫ್ಯಾನು, ಕೆಟ್ಟ ರೇಡಿಯೋ ಅವನ ಕೈ ಸೋಕಿದರೆ ಎದ್ದು ಕೂರುತ್ತಿದ್ದವು.

ಕ್ಯಾಮೆರಾ ಆರಿಹೋಗುವ ಕಾಯಿಲೆಯನ್ನೂ ಮೊದಲು ನೋಡಿದವನು ಅವನೇ. ಸಮುದ್ರದ ಉಪ್ಪುಗಾಳಿಗೆ ತಂತಿಯ ತುದಿ ಹಸಿರುಗಟ್ಟಿರಬಹುದೆಂದು ಉಜ್ಜಿ ಒರೆಸಿದ. ಇಲಿ ಕಚ್ಚಿದೆಯೇ ಎಂದು ತಂತಿಯನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದ. ಅಡಾಪ್ಟರು ಬಿಸಿಯಾಗುತ್ತದೆ ಎಂದು ಬೇರೆಯದನ್ನು ತಂದು ಹಾಕಿದ. ಕತ್ತಲಾದಂತೆ ಕ್ಯಾಮೆರಾ ತನ್ನ ಕಾಣದ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ, ಆಗ ಹೆಚ್ಚು ಕರೆಂಟು ಬೇಕು, ಸಣ್ಣ ತಂತಿಯಲ್ಲಿ ಅಷ್ಟು ಬರುವುದಿಲ್ಲ ಎಂದು ಸಿಯಾಕಿ ಹೇಳಿದ್ದಕ್ಕೆ ದಪ್ಪ ತಂತಿಯನ್ನೂ ಎಳೆದ. ಏನು ಮಾಡಿದರೂ ಸಂಜೆ ಗಂಟೆಗೆ ಕ್ಯಾಮೆರಾ ಆರುತ್ತಲೇ ಇತ್ತು. ಆಮೇಲೊಂದು ದಿನ ಪೆನಿ ಹುಡುಕುವುದನ್ನೇ ಬಿಟ್ಟುಬಿಟ್ಟ. ಎಲ್ಲರೂ ಊಟಕ್ಕೆ ಕೂತಾಗ ಸಿಯೆನಿ ಕೇಳಿದರೆ ‘ನೋಡ್ತೀನಿ ಚಿಕ್ಕಮ್ಮ’ ಅನ್ನುತ್ತಿದ್ದ, ಅಷ್ಟೆ.

ಸಿಯೆನಿಯ ಮನಸ್ಸಿನಲ್ಲಿ ಹುಳ ಹೊಕ್ಕಿದ್ದು ಆಗ.

ಪ್ರಾರ್ಥನೆಯ ಹೊತ್ತಿನಲ್ಲಿ ಊರಲ್ಲಿ ಯಾರೂ ರಸ್ತೆಗಿಳಿಯುವಂತಿಲ್ಲ. ಹಾಗೆ ಇಳಿಯದಂತೆ ನೋಡಿಕೊಳ್ಳಲು ಊರಿನ ಗಟ್ಟಿ ಆಳುಗಳು ರಸ್ತೆಯುದ್ದಕ್ಕೂ ನಿಲ್ಲುತ್ತಾರೆ. ಪೆನಿ ಅವರಲ್ಲೊಬ್ಬ. ಮನೆಯವರೆಲ್ಲ ಕಣ್ಣು ಮುಚ್ಚಿ ಕೂತಿರುವಾಗ ಈ ಮನೆಯಲ್ಲಿ ಹೊರಗೆ ಓಡಾಡುವ ಹಕ್ಕಿದ್ದವನು ಅವನೊಬ್ಬನೇ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಗೊತ್ತಿದ್ದವನೂ ಅವನೊಬ್ಬನೇ. ರಿಪೇರಿ ಬಲ್ಲವನಿಗೆ ಕೆಡಿಸುವುದೂ ಬರುತ್ತದಲ್ಲ ಎಂದು ಗಂಡ ಟವಿಟ ಒಮ್ಮೆ ಊಟದ ನಡುವೆ ಹೇಳಿದ. ಅವನು ಸುಮ್ಮನೆ ಆಡಿದ ಮಾತು ಅದು. ಟವಿಟನಿಗೆ ಬಾಯಿ ಖಾಲಿ ಇರಬಾರದು. ಸಿಯೆನಿ ಅದನ್ನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಅಣ್ಣನ ಕಿವಿಗೂ ಹಾಕು ಎಂದಳು.

ಟವಿಟನ ಅಣ್ಣ ಮನೆತನದ ಯಜಮಾನ, ಊರಿನ ಸಭೆಯಲ್ಲಿ ಹಿರಿಯರಿಗೆಂದೇ ಇರುವ ಕಂಬಕ್ಕೆ ಒರಗಿ ಕೂರುವವನು. ಅಂಥವನ ಕಿವಿಗೆ ಬಿದ್ದದ್ದು ಅಡುಗೆಮನೆಗೆ ವಾಪಸು ಬರುವುದಿಲ್ಲ. ಭಾನುವಾರದ ಊಟವಾದ ಮೇಲೆ ಅವನು ಮನೆತನದವರನ್ನೆಲ್ಲ ಸೇರಿಸಿದ. ಪೆನಿ ನಡುವೆ ಕಾಲು ಮಡಚಿ, ತಲೆ ತಗ್ಗಿಸಿ ಕೂತ. ಅಂಗಡಿಗೆ ಕೈಹಾಕಿದವನು ನೀನೇನು ಎಂದು ಯಜಮಾನ ಕೇಳಿದ. ಪೆನಿ ಅಲ್ಲ ಎಂದ. ಹಾಗಾದರೆ ಕ್ಯಾಮೆರಾ ಆರಿಸುತ್ತಿರುವವರು ಯಾರು ಎಂದು ಕೇಳಿದ. ಅದಕ್ಕೆ ಪೆನಿ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದರೂ ಬಿಡಲಿಲ್ಲ.

ಆಗ ಸಿಯೆನಿಗೆ ಮೈಯೆಲ್ಲ ಉರಿಯಿತು. ಅಷ್ಟು ಜನರ ಎದುರು ತಾನು ಬೆಳೆಸಿದವನು ಕಲ್ಲಿನ ಹಾಗೆ ಕೂತದ್ದು ಅವಳಿಗೆ ಅವಮಾನವೆನಿಸಿತು.

“ನನ್ನ ಮುಖ ನೋಡಿ ಹೇಳೋ,” ಎಂದಳು. “ಅದನ್ನ ಯಾರು ಆರಿಸ್ತಿದ್ದಾರೆ ಅಂತ ನಿಂಗೊತ್ತು. ಗೊತ್ತೋ ಇಲ್ವೋ?”

ಪೆನಿ ತಲೆಯೆತ್ತಿ ಅವಳನ್ನು ನೋಡಿದ. ಹೊಡೆತಕ್ಕೆ ಮೊದಲು ಮಕ್ಕಳು ನೋಡುವ ನೋಟವಲ್ಲ ಅದು. ಇನ್ನೊಬ್ಬರು ಎಡವುವುದನ್ನು ಕಂಡಾಗ ನೋಡುವ ನೋಟ. ಆಮೇಲೆ, “ಗೊತ್ತು ಚಿಕ್ಕಮ್ಮ,” ಎಂದ. ಮತ್ತೆ ತಲೆ ತಗ್ಗಿಸಿದ. ಯಾರು ಎಂಬುದು ಮಾತ್ರ ಅವನ ಬಾಯಿಂದ ಬರಲಿಲ್ಲ.

ಅಷ್ಟು ಸಾಕಾಯಿತು. ಊರಿನ ಸಭೆಯವರೆಗೆ ಹೋಗಿ ಮನೆತನದ ಮಾನ ಹರಾಜಾಗುವುದು ಬೇಡ, ಅವನು ಸವಾಯಿ ದ್ವೀಪದಲ್ಲಿರುವ ತನ್ನ ತಂದೆಯ ಕಡೆಯವರಲ್ಲಿಗೆ ಹೋಗಲಿ ಎಂದು ಯಜಮಾನ ತೀರ್ಪು ಕೊಟ್ಟ. ಮಾರನೆಯ ದಿನ ಪೆನಿ ಒಂದು ಚೀಲ ಹಿಡಿದು ಹಡಗು ಹತ್ತಲು ಹೊರಟ. ಸಿಯೆನಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒಲೆಯ ಮುಂದೆ ಕೂತು ಬೇಕೆಂದೇ ಹೊಗೆ ಕುಡಿದಳು, ಕಣ್ಣು ಯಾಕೆ ಕೆಂಪಾಗಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಕಾರಣವಿರಲಿ ಎಂದು.

ಅವನು ಹೋದ ಸಂಜೆಯೇ ಗಂಟೆ ಹೊಡೆಯಿತು, ಕ್ಯಾಮೆರಾ ಕಣ್ಣು ಮುಚ್ಚಿತು.

ಟವಿಟ ಮೂಗು ಕೆರೆದುಕೊಂಡು, ಹುಡುಗ ಬೇರೆ ಯಾರಿಗಾದರೂ ಹೇಳಿಕೊಟ್ಟು ಹೋಗಿರಬೇಕು ಎಂದ. ಮರುದಿನವೂ ಆರಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಡಬ್ಬಿ ಮೀನು ಹೋಯಿತು. ನಡುವೆ ಸಮುದ್ರವಿಟ್ಟುಕೊಂಡು ಪೆನಿ ಅದನ್ನು ಕದಿಯಲು ಹೇಗೆ ಸಾಧ್ಯ? ಅವಳಿಗೆ ಅನ್ನ ಸೇರದಾಯಿತು. ತಾನು ಏನೋ ದೊಡ್ಡ ತಪ್ಪು ಮಾಡಿದ್ದೇನೆ ಎಂದು ಎದೆ ಹೇಳುತ್ತಿತ್ತು; ಆ ತಪ್ಪು ಯಾವುದು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಕೊನೆಗೆ ಸಿಯಾಕಿಗೆ ಫೋನು ಮಾಡಿದಳು.

ಸಿಯಾಕಿ ಸಂಗತಿಯನ್ನೆಲ್ಲ ಕೇಳಿ ಮೊದಲು ಚೆನ್ನಾಗಿ ಬೈದ, ಆಮೇಲೆ ಕೆಲಸಕ್ಕೆ ಬಂದ. ಕ್ಯಾಮೆರಾದ ತಂತಿ ಹಿಡಿದುಕೊಂಡು ಹಿಂದಕ್ಕೆ ಹೋಗು, ಅದು ಎಲ್ಲಿ ಮುಗಿಯುತ್ತದೆ ಹೇಳು ಎಂದ. ಅವಳು ಹೋದಳು. ತಂತಿ ಕಿಟಕಿಯ ಸಂದಿಯಿಂದ ಒಳಗೆ ಬಂದು, ಕಪಾಟಿನ ಹಿಂದೆ ಇಳಿದು, ಟಿವಿಯ ಪಕ್ಕ ನೆಲದ ಮೇಲಿದ್ದ ಉದ್ದನೆಯ ಪ್ಲಗ್ಗಿನ ಹಲಗೆಗೆ ಸೇರಿತ್ತು. ಅಲ್ಲಿ ಅಡಾಪ್ಟರಿನ ಮೇಲೊಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು.

ಇವತ್ತು ಸಂಜೆ ಫೋನು ಕಿವಿಯಲ್ಲೇ ಇರಲಿ ಎಂದ ಸಿಯಾಕಿ. ಗಂಟೆ ಹೊಡೆಯುವ ಮೊದಲೇ ಆ ದೀಪದ ಎದುರು ಹೋಗಿ ನಿಲ್ಲು, ರೆಪ್ಪೆ ಹೊಡೆಯದೆ ಅದನ್ನೇ ನೋಡು. ಇಲ್ಲಿ ನಾನು ಕ್ಯಾಮೆರಾದ ಚಿತ್ರ ನೋಡುತ್ತಿರುತ್ತೇನೆ. ದೀಪ ಉರಿಯುತ್ತಿರುವಾಗಲೇ ಚಿತ್ರ ಹೋದರೆ ತಂತಿಯದೋ ಕ್ಯಾಮೆರಾದ್ದೋ ತಪ್ಪು. ದೀಪವೂ ಆರಿದರೆ ಕರೆಂಟೇ ಬರುತ್ತಿಲ್ಲ ಎಂದರ್ಥ.

ಸಂಜೆಯಾಯಿತು. ಟವಿಟ ಚಾಪೆಯ ಮೇಲೆ ಕೂತು ಹಾಡಿನ ಪುಸ್ತಕದ ಪುಟ ತಿರುವುತ್ತಿದ್ದ. ಟಿವಿಯಲ್ಲಿ ರಗ್ಬಿ ನಡೆಯುತ್ತಿತ್ತು. ಸಿಯೆನಿ ಫೋನನ್ನು ಕಿವಿಗೊತ್ತಿ ದೀಪದ ಎದುರು ನಿಂತಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ನೋಡುತ್ತಿದ್ದಳು. ಚರ್ಚಿನ ಅಂಗಳದಲ್ಲಿ ಗಂಟೆಯೆಂದು ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ಏಟು ಬಿತ್ತು. ಹಸಿರು ದೀಪ ಆರಿತು.

“ಹೋಯ್ತು,” ಎಂದ ಸಿಯಾಕಿ ಅತ್ತಲಿಂದ. “ದೀಪ?”

“ಅದೂ ಹೋಯ್ತು ಕಣೋ. ನಾನು ನೋಡ್ತಾ ಇದ್ದ ಹಾಗೇನೇ ಹೋಯ್ತು. ಹತ್ರ ಯಾರೂ ಇಲ್ಲ.”

“ನೀನೇನು ಮಾಡ್ದೆ ಅಕ್ಕ?”

“ನಾನೇನು ಮಾಡ್ಲಿ? ಏನೂ ಮಾಡ್ಲಿಲ್ಲ. ಗಂಟೆ ಹೊಡೀತು, ಟಿವಿ ಆರಿಸ್ದೆ.”

ಸಿಯೆನಿ ಪಕ್ಕಕ್ಕೆ ತಿರುಗಿ ನೋಡಿದಳು. ಅವಳ ಬಲಗೈ ಗೋಡೆಯ ಸ್ವಿಚ್ಚಿನ ಮೇಲಿತ್ತು. ಅದು ಅಲ್ಲಿಗೆ ಯಾವಾಗ ಹೋಯಿತೋ ಅವಳಿಗೆ ಗೊತ್ತಿರಲಿಲ್ಲ. ಈ ಮನೆಗೆ ಕಾಲಿಟ್ಟ ದಿನದಿಂದ, ದೇವರು ಬರುವ ಹೊತ್ತಿಗೆ ಪೆಟ್ಟಿಗೆಯ ಬಾಯಿ ಮುಚ್ಚಿಸುವುದು ಅವಳ ಕೆಲಸ. ಮೊದಲು ರೇಡಿಯೋ, ಆಮೇಲೆ ಟಿವಿ. ಗಂಟೆ ಕೇಳಿದರೆ ಕೈ ತಾನಾಗಿ ಗೋಡೆಗೆ ಹೋಗುತ್ತದೆ. ಆಮೆನ್ ಕೇಳಿದರೆ ಮತ್ತೆ ಹೋಗುತ್ತದೆ. ಗೋಡೆಯ ಸ್ವಿಚ್ಚು ಒತ್ತಿದರೆ ಇಡೀ ಪ್ಲಗ್ಗಿನ ಹಲಗೆಯೇ ಸಾಯುತ್ತದೆ, ಟಿವಿಯ ಜೊತೆ ಕ್ಯಾಮೆರಾ ಕೂಡ.

ಅವಳಿಗೆ ಇನ್ನೊಂದೂ ನೆನಪಾಯಿತು. ಕ್ಯಾಮೆರಾ ಕೂರಿಸಿದ ದಿನ ಪೆನಿ ಆ ಸ್ವಿಚ್ಚಿನ ಮೇಲೆ ಕಪ್ಪು ಟೇಪು ಅಂಟಿಸಿ, ಇದೊಂದನ್ನು ಮುಟ್ಟಬೇಡಿ ಚಿಕ್ಕಮ್ಮ, ಟಿವಿಯನ್ನು ಅದರ ಗುಂಡಿಯಿಂದಲೇ ಆರಿಸಿ ಎಂದಿದ್ದ. ಟ್ಯಾರೋ ಗಡ್ಡೆ ಸುಲಿಯುತ್ತ ಅವಳು ಆಯ್ತು ಆಯ್ತು ಎಂದಿದ್ದಳು. ಆಮೇಲೆ ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋಗುವ ಬಿಳಿ ಭಾನುವಾರದ ಹಬ್ಬಕ್ಕೆಂದು ಗೋಡೆ ಒರೆಸುವಾಗ ಆ ಕೊಳಕು ಟೇಪು ಕಣ್ಣಿಗೆ ಬಿದ್ದಿತ್ತು. ಕಿತ್ತು ಬಿಸಾಕಿ, ಅಂಟಿನ ಕಲೆಯನ್ನೂ ಸೀಮೆಎಣ್ಣೆಯಿಂದ ಉಜ್ಜಿ ತೆಗೆದಿದ್ದಳು. ಕೆಲಸ ಎಂದರೆ ಸಿಯೆನಿಯದು ಅಚ್ಚುಕಟ್ಟು.

ಪೆನಿಗೆ ಗೊತ್ತಿತ್ತು. ಹುಡುಕುವುದನ್ನು ಬಿಟ್ಟ ದಿನವೇ ಗೊತ್ತಾಗಿರಬೇಕು. ಯಜಮಾನನ ಎದುರು, ನೆಂಟರಿಷ್ಟರ ಎದುರು, ‘ಆರಿಸುತ್ತಿರುವವರು ನೀವೇ ಚಿಕ್ಕಮ್ಮ’ ಎಂದು ಅವನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕೂತವರೆಲ್ಲ ಅವಳನ್ನು ನೋಡಿ ನಗುತ್ತಿದ್ದರು, ಅವನು ಮನೆಯಲ್ಲೇ ಉಳಿಯುತ್ತಿದ್ದ. ಟವಿಟ ಹಾಡು ಎತ್ತಿದ್ದ. ಅವಳ ದನಿ ಸೇರದ್ದನ್ನು ಕಂಡು ಒಂದು ಕಣ್ಣು ತೆರೆದು ನೋಡಿದ.

ಕಳ್ಳ ಸಿಕ್ಕಿದನೇ ಎಂದು ಕೇಳುವವರು ಇರುತ್ತಾರೆ. ಸಿಕ್ಕಿದ. ಸ್ವಿಚ್ಚು ಮುಟ್ಟದೆ ಬಿಟ್ಟ ಮೇಲೆ ಆ ವಾರದಲ್ಲೇ ಅವನ ಮುಖ ಕ್ಯಾಮೆರಾದಲ್ಲಿ ಬಂತು, ನಾಲ್ಕು ಮನೆ ಆಚೆಯವನು. ಅವನ ವಿಷಯ ಈ ಕಥೆಗೆ ಬೇಡ. ತಾನು ಏನು ಮಾಡುತ್ತಿದ್ದೇನೆ ಎಂದು ಅವನಿಗಾದರೂ ಗೊತ್ತಿತ್ತು.

ಕಳ್ಳ ಸಿಗುವವರೆಗೂ ಸಿಯೆನಿ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಪೆಟ್ಟಿಗೆ ತೆರೆದು ಅಮ್ಮ ನೇಯ್ದ ನುಣುಪಾದ ಚಾಪೆಯನ್ನು ಹೊರಗೆ ತೆಗೆದಳು. ಬಟ್ಟೆಯಷ್ಟು ಮೆದುವಾದ ಚಾಪೆ. ಮದುವೆಗೂ ಸಾವಿಗೂ ಬಿಟ್ಟರೆ ಅದು ಬೆಳಕು ಕಾಣುವುದಿಲ್ಲ. ಇನ್ನೊಂದಕ್ಕೂ ಅದು ಬೇಕಾಗುತ್ತದೆ: ದೊಡ್ಡ ತಪ್ಪು ಮಾಡಿದವರ ಕಡೆಯವರು, ನೊಂದವರ ಮನೆಯಂಗಳದಲ್ಲಿ ಅದನ್ನು ಹೊದ್ದು ಕೂರುತ್ತಾರೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಇಲ್ಲ.

ಟವಿಟ ಹೌಹಾರಿದ. ಹಿರಿಯರು ಕಿರಿಯರ ಮುಂದೆ ಹಾಗೆ ಕೂತದ್ದನ್ನು ಯಾರು ಕಂಡಿದ್ದಾರೆ? ಅಣ್ಣನಿಗೆ ತಿಳಿದರೆ ಏನು ಹೇಳಬೇಕು?

“ಅದು ಕೊಲೆ ಮಾಡಿದವರ ಮನೆಯವರು ಹೊದ್ಕೊಳ್ಳೋದು, ಸಿಯೆನಿ,” ಎಂದ.

“ಗೊತ್ತು,” ಎಂದಳು ಅವಳು. ಚಾಪೆ ಮಡಚಿ ಬಗಲಿಗಿಟ್ಟುಕೊಂಡು ಹಡಗುಕಟ್ಟೆಯ ಬಸ್ಸು ಹತ್ತಿದಳು.

ಪೆನಿಯ ತಂದೆಯ ಕಡೆಯವರ ಅಂಗಳದಲ್ಲಿ ಕರಿ ಕಲ್ಲು ಹಾಸಿತ್ತು. ಸಿಯೆನಿ ಯಾರನ್ನೂ ಮಾತಾಡಿಸದೆ ಅದರ ಮೇಲೆ ಕೂತು ಚಾಪೆಯನ್ನು ತಲೆಯ ಮೇಲಿಂದ ಎಳೆದುಕೊಂಡಳು. ಒಳಗೆ ಕತ್ತಲೆ, ಸೆಕೆ, ಕೇದಗೆ ಗರಿಯ ವಾಸನೆ. ಮನೆಯವರು ಗಾಬರಿಯಿಂದ ಪಿಸುಗುಟ್ಟುವುದು ಕೇಳಿಸಿತು. ಯಾರೋ ಟ್ಯಾರೋ ಹೊಲದ ಕಡೆ ಓಡಿದರು. ಕಲ್ಲು ಕಾದು ಮೊಣಕಾಲು ಸುಡುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಪರಿಚಿತ ಹೆಜ್ಜೆ ಕೇಳಿಸಿತು, ಹತ್ತಿರ ಬಂದು ನಿಂತಿತು, ಮತ್ತೆ ದೂರ ಹೋಯಿತು. ಅವನು ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ ಎಂದುಕೊಂಡಳು. ಎಲ್ಲೋ ನಲ್ಲಿಯ ನೀರು ಸುರಿಯುವ ಸದ್ದು ಬರುತ್ತಿತ್ತು. ಆಮೇಲೆ ಬೆಳಕು ಬಂತು. ಪೆನಿ ಚಾಪೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ. ಅವನ ಅಂಗಿಯೆಲ್ಲ ಹೊಲದ ಕೆಸರು. ಕೈ ಮಾತ್ರ ಮೊಣಕೈವರೆಗೆ ತೊಳೆದು ಒದ್ದೆಯಾಗಿತ್ತು.

ಮನೆಯವರು ಅವಳನ್ನು ಊಟಕ್ಕೆ ಎಬ್ಬಿಸಿದರು. ತೆಂಗಿನಹಾಲಿನಲ್ಲಿ ಬೇಯಿಸಿದ ಸೊಪ್ಪು, ಗಡ್ಡೆ ಬಡಿಸಿದರು. ಸಿಯೆನಿ ಎಲ್ಲರ ಮುಂದೆಯೂ ತನ್ನ ಕೈ ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಯಾರೂ ನಗಲಿಲ್ಲ. ಪೆನಿ ಅವಳ ತಟ್ಟೆಗೆ ಇನ್ನೊಂದು ಗಡ್ಡೆ ಇಟ್ಟ.

ಬಸ್ಸು ನಿಲ್ಲುವ ಮರದ ಕೆಳಗೆ ಇಬ್ಬರೇ ಆದಾಗ ಅವಳು ಮನೆಗೆ ಬಾ ಎಂದಳು. ಯಜಮಾನನ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು. ಅವನು ಇಲ್ಲಿ ಗಡ್ಡೆ ಕೀಳುವ ಕಾಲ, ಆಳು ಸಾಲದು ಎಂದ. ಕ್ರಿಸ್ಮಸ್ಸಿಗಾದರೂ ಬಾ ಎಂದಳು. ಅವನು ರಸ್ತೆ ನೋಡಿದ.

“ಯಾಕೋ ಹೇಳ್ಲಿಲ್ಲ ನೀನು?” ಎಂದು ಕೇಳಿದಳು. “ನಾನೇ ಬಾಯ್ಬಿಟ್ಟು ಕೇಳಿದ್ನಲ್ಲೋ. ಅಷ್ಟು ಜನರ ಮುಂದೆ ಕೇಳಿದ್ನಲ್ಲ.”

“ಅದಕ್ಕೇ ಹೇಳ್ಲಿಲ್ಲ ಚಿಕ್ಕಮ್ಮ,” ಎಂದ ಪೆನಿ. “ಅಡುಗೆಮನೇಲಿ ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ತೀರ ಅಂತ ದಿನಾ ಬಂದು ಕೂತ್ಕೋತಿದ್ದೆ.”

ಬಸ್ಸು ಬಂತು. ಅವನು ಅವಳನ್ನು ತೋಳು ಹಿಡಿದು ಹತ್ತಿಸಿ, ಚಾಪೆಯನ್ನು ಅವಳ ತೊಡೆಯ ಮೇಲಿಟ್ಟು ಕೆಳಗಿಳಿದ.