ಬ್ರೆಡ್ಡು ಕಾಯುವವಳು

ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಚಾಕು ಕರಕರ ಅಂತ ಇಳಿಯುತ್ತಿದೆ, ಬಿಸಿ ಇನ್ನೂ ಆರಿಲ್ಲ, ಬಿಸಿ ಬ್ರೆಡ್ಡು ನೆಟ್ಟಗೆ ಹೋಳಾಗಲ್ಲ ಕಣಮ್ಮ ಅಂತ ಹಳೇ ಸಂಪಾದಕರು ಎಷ್ಟು ಸಲ ಹೇಳಿದ್ದರು, ಈ ನಿಘಂಟು ಕಚೇರಿಯಲ್ಲಿ ಹನ್ನೊಂದು ಗಂಟೆಯ ಚಹಾಕ್ಕೆ ಹದಿನಾರು ವರ್ಷ ಅವರೇ ಕತ್ತರಿಸಿದ್ದು, ಎಲ್ಲರಿಗೂ ಕೊಟ್ಟು ಕೊನೆಗೆ ಉಳಿದ ಒಣ ಅಂಚು ಅವರಿಗೆ — ಹಲ್ಲಿಗೆ ಒಳ್ಳೇದು ಅಂತ ನಗು, ಬಾಯಲ್ಲಿ ಇದ್ದದ್ದೇ ನಾಲ್ಕು ಹಲ್ಲು. ಶುಕ್ರವಾರ ಅವರು ನಿವೃತ್ತರಾದರು, ಸಂಪಾದಕರ ಕುರ್ಚಿ, ಚಾಕು ಎರಡೂ ಅವಳ ಪಾಲಿಗೆ ಬಂದವು. ಸುಳ್ಳು ಯಾಕೆ, ಕುರ್ಚಿ ಹಿತವಾಗಿಯೇ ಇದೆ, ಬೆಳಿಗ್ಗೆ ಯಾರೂ ಇಲ್ಲದಾಗ ಅದರಲ್ಲಿ ಕೂತು ಒಂದು ಸುತ್ತು ತಿರುಗಿಯೂ ನೋಡಿದ್ದಾಯಿತು. ಆದರೆ ದೊಡ್ಡಣ್ಣ ಮಾತು ಬಿಟ್ಟು ಇವತ್ತಿಗೆ ನಾಲ್ಕು ದಿನ. ಕರಡು ತಿದ್ದುವವರು, ಕಚೇರಿಗೆಲ್ಲ ದೊಡ್ಡಣ್ಣ, ಅವಳಿಗೆ ಕೆಲಸ ಕೈಹಿಡಿದು ಕಲಿಸಿದವರು, ಕುರ್ಚಿ ತಮಗೇ ಅಂದುಕೊಂಡಿದ್ದವರು, ಈಗ ಮೇಜಿನ ಆ ತುದಿಯಲ್ಲಿ ಮುಖ ಊದಿಸಿಕೊಂಡು ಕನ್ನಡಕ ಒರೆಸುತ್ತಿದ್ದಾರೆ, ಎಷ್ಟು ಒರೆಸುತ್ತಾರೋ, ಗಾಜು ಸವೆದುಹೋದೀತು. ಇವತ್ತೂ ತುಟಿ ಬಿಚ್ಚದಿದ್ದರೆ ಕುರ್ಚಿ ಬೇಡ ಅಂತ ಬರೆದುಕೊಟ್ಟುಬಿಡುವುದು, ಅವರ ಕಣ್ಣು ಹಾಯದ ನಿಘಂಟು ಯಾವ ಸೀಮೆ ನಿಘಂಟು.

ಇನ್ನೊಂದು ಹೋಳು — ಬೆಳಿಗ್ಗೆ ತಿದ್ದಿದ ಪದದ ಚೀಟಿ ಇನ್ನೂ ತಲೆಯಲ್ಲೇ ಇದೆ, ಲಾರ್ಡ್, ಇಂಗ್ಲಿಷ್ ಪದ, ಒಡೆಯ, ದೊರೆ, ಧಣಿ, ಮೂಲದಲ್ಲಿ ಬ್ರೆಡ್ಡು ಕಾಯುವವನು ಅಂತ ಅರ್ಥವಂತೆ, ಅವನ ಆಳಿಗೆ ಬ್ರೆಡ್ಡು ತಿನ್ನುವವನು, ಲೇಡಿ ಅಂದರೆ ಹಿಟ್ಟು ನಾದುವವಳು, ಅಯ್ಯೋ, ಕಿರೀಟವಿಲ್ಲ, ಕತ್ತಿಯಿಲ್ಲ, ಬರೀ ಅಡುಗೆಮನೆ. ಕಾಯುವುದು ಅಂದರೆ ಯಾರಿಂದ, ಕಳ್ಳರಿಂದಲೋ, ಮನೆಮಂದಿಯಿಂದಲೋ, ಅಮ್ಮ ಬಿಸ್ಕತ್ತಿನ ಡಬ್ಬಿ ಬೀರುವಿನ ಮೇಲಿಟ್ಟು ಕಾಯುತ್ತಿದ್ದಳು, ನಿನಗೆರಡು, ತಮ್ಮನಿಗೆರಡು, ನನಗೆ ಹೊಟ್ಟೆ ತುಂಬಿದೆ ಹೋಗ್ರೋ, ಏನು ತಿಂದು ತುಂಬಿತ್ತೋ, ಆಗ ಕೇಳಲು ಹೊಳೆದಿರಲಿಲ್ಲ. ಟೈಪಿಸ್ಟಿಗೆ ಒಂದು, ಚೀಟಿ ಜೋಡಿಸುವ ಅಕ್ಕತಂಗಿಯರಿಗೆ ಎರಡು, ದೊಡ್ಡಣ್ಣನಿಗೆ ಒಂದು — ತಲೆ ಎತ್ತದೆ ತೆಗೆದುಕೊಂಡರು — ಜವಾನನಿಗೆ ಅಂಚು, ಅವನಿಗೆ ಅದೇ ಇಷ್ಟವಂತೆ. ಕೈ ಹಲಗೆಯ ಮೇಲೆ ತಡವರಿಸಿತು. ಬರೀ ಪುಡಿ. ಎದುರಿಗೆ ಕೂತವರನ್ನು ಎಣಿಸಿ ಕತ್ತರಿಸಿದ್ದಳು, ತನ್ನನ್ನು ಎಣಿಸಿರಲಿಲ್ಲ, ಎಂ.ಎ. ಓದಿದ ಹೆಂಗಸು, ಐದರ ಮೇಲೊಂದು ಆರು ಅಂತ ಗೊತ್ತಾಗಬೇಡವೇ, ಕಿವಿ ಬಿಸಿಯಾಯಿತು, ಟೈಪಿಸ್ಟು ಕಿಸಕ್ ಅಂದಳು, ಆಚೆ ತುದಿಯಲ್ಲಿ ದೊಡ್ಡಣ್ಣನ ಕುರ್ಚಿ ಕಿರ್ರೆಂದಿತು. ಏನಮ್ಮಾ ಇದು, ಕರಡಲ್ಲಿ ನೀನು ಒಂದಕ್ಷರ ಬಿಟ್ರೆ ನಾನು ಬೈತಿದ್ದೆ, ಈಗ ನಿನ್ನನ್ನೇ ಬಿಟ್ಬಿಟ್ಟಿದೀಯಲ್ಲ, ಹಿಂಗಾದ್ರೆ ಆಫೀಸು ಹೆಂಗೆ ನಡೆಸ್ತೀಯ, ಹಿಡಿ. ಬೈಗುಳ, ನಾಲ್ಕು ದಿನದ ಮೇಲೆ ಮೊದಲ ಬೈಗುಳ, ಎಷ್ಟು ಸುಖವಾಗಿದೆ, ಬರೆದುಕೊಡುವುದೇನೂ ಬೇಡ ಇನ್ನು, ಏನಾದರೂ ಹೇಳಬೇಕು, ಥ್ಯಾಂಕ್ಸ್ ಅನ್ನಲೇ, ಅಣ್ಣಾ ಅನ್ನಲೇ, ತಟ್ಟೆಯಲ್ಲಿ ಅರ್ಧ ಹೋಳು ಬ್ರೆಡ್ಡು, ಅದರ ಬಿಳಿಯ ಮೇಲೆ ದೊಡ್ಡಣ್ಣನ ಹೆಬ್ಬೆರಳಿನ ಕೆಂಪು ಶಾಯಿ, ಅರ್ಧ ಹೋಳು ಬ್ರೆಡ್ಡು