ರಾಣಿಯ ಕೋಟಿನ ಕಂಕುಳು

ಅಜ್ಜಿಯ ಕಥೆಗಳಲ್ಲಿ ಹಿರಿಯಳಿಗೆ ಎಂದೂ ಒಳ್ಳೆಯದಾಗಿರಲಿಲ್ಲ. ಏಳು ಜನ ಅಕ್ಕತಂಗಿಯರಿದ್ದರೆ ಕಾಡಿನಲ್ಲಿ ಚಿನ್ನದ ಬಾಚಣಿಗೆ ಸಿಗುತ್ತಿದ್ದುದು ಏಳನೆಯವಳಿಗೆ. ಮೂವರಿದ್ದರೆ ಕುದುರೆಯೇರಿ ಬಂದವನು ಕೂಗುತ್ತಿದ್ದುದು ಮೂರನೆಯವಳ ಹೆಸರು. ಹಿರಿಯಳ ಪಾಲಿಗೆ ಬರುತ್ತಿದ್ದುದು ಹೊಟ್ಟೆಕಿಚ್ಚು, ಕೊನೆಗೆ ಕಲ್ಲಾಗುವುದು. ಇಬ್ಬರು ಮೊಮ್ಮಕ್ಕಳು ಅಜ್ಜಿಯ ಎಡಕ್ಕೊಬ್ಬಳು ಬಲಕ್ಕೊಬ್ಬಳು ಮಲಗಿ ಕೇಳುತ್ತಿದ್ದರು. ಕಿರಿಯಳು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು, ಹೇಗಿದ್ದರೂ ಗೆಲ್ಲುವವಳು ತಾನೇ ಎಂದು ಗೊತ್ತಿದ್ದವಳ ಹಾಗೆ. ಹಿರಿಯಳು ಮಾತ್ರ ಕಥೆಯವಳು ಕಲ್ಲಾಗುವ ತನಕ ಎಚ್ಚರವಿದ್ದು, "ಯಾಕಜ್ಜಿ ಯಾವಾಗಲೂ ದೊಡ್ಡವಳೇ ಕೆಟ್ಟವಳು?" ಎನ್ನುತ್ತಿದ್ದಳು.

"ಕಥೆ ಇರೋದೇ ಹಾಗೆ ಕಣೇ. ನಾನೇನು ಮಾಡ್ಲಿ?"

ಅಜ್ಜಿ ತನ್ನ ತವರಿಗೆ ಕಟ್ಟಕಡೆಯ ಮಗಳಾಗಿದ್ದಳು ಎನ್ನುವುದು ಹಿರಿಯಳಿಗೆ ತಿಳಿದದ್ದು ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಕಥೆ ಮೈಗೆ ಅಂಟಿಬಿಟ್ಟಿತ್ತು.

ಈಗ ಇಬ್ಬರೂ ಸೇರಿ ಒಂದು ಹೊಲಿಗೆ ಅಂಗಡಿ ನಡೆಸುತ್ತಿದ್ದರು. ದೊಡ್ಡವಳು ಅಳತೆ ತೆಗೆದು, ಗೀರೆಳೆದು, ಬಟ್ಟೆ ಕತ್ತರಿಸುತ್ತಿದ್ದಳು. ಚಿಕ್ಕವಳು ಮೆಷಿನ್ನಿನ ಮುಂದೆ ಕೂತು ಹೊಲಿಯುತ್ತಿದ್ದಳು. ಬೀದಿಯವರು ಒಬ್ಬಳನ್ನು ಕತ್ತರಕ್ಕ, ಇನ್ನೊಬ್ಬಳನ್ನು ಸೂಜಕ್ಕ ಎಂದು ಕರೆದೂ ಕರೆದೂ ನಿಜವಾದ ಹೆಸರು ಮನೆಯವರಿಗೇ ಮರೆಯುವ ಹಾಗಾಗಿತ್ತು. ಅಂಗಡಿ ತೆರೆದ ದಿನವೇ ಕತ್ತರಕ್ಕ ಒಂದು ಕಟ್ಟಳೆ ಮಾಡಿದ್ದಳು: ಕತ್ತರಿಸುವ ವಿಷಯದಲ್ಲಿ ಹೊಲಿಯುವವಳು ಬಾಯಿ ಹಾಕಕೂಡದು. ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನೆ ಹೊಲಿ. ಸೂಜಕ್ಕ "ಸರಿ ಅಕ್ಕ" ಎಂದವಳು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಮೀರಿದ್ದರೆ ಜಗಳಕ್ಕಾದರೂ ಒಂದು ನೆಪ ಸಿಗುತ್ತಿತ್ತು ಎಂದು ಕತ್ತರಕ್ಕನಿಗೆ ಎಷ್ಟೋ ಸಲ ಅನ್ನಿಸಿತ್ತು.

ಕತ್ತರಿ ಹಲಗೆಯ ಮೇಲ್ಗಡೆ, ಗೋಡೆಗೆ, ಹಳೆಯ ಕ್ಯಾಲೆಂಡರಿನ ಒಂದು ಚಿತ್ರ ಅಂಟಿತ್ತು. ದೂರ ದೇಶದ ಯಾವಳೋ ರಾಣಿ, ಕಡುಗೆಂಪು ಕೋಟು ತೊಟ್ಟು, ಒಂದು ಕೈ ತಲೆಗಿಂತ ಮೇಲೆತ್ತಿ ಹಕ್ಕಿ ಹಾರಿಬಿಡುತ್ತಿದ್ದಾಳೆ. ಬಂದವರೆಲ್ಲ ಹಕ್ಕಿ ನೋಡುತ್ತಿದ್ದರು. ಕತ್ತರಕ್ಕ ನೋಡುತ್ತಿದ್ದುದು ರಾಣಿಯ ಕಂಕುಳು. ಯಾರೇ ಆಗಲಿ, ಮೈಗಂಟಿದ ಕೋಟು ತೊಟ್ಟು ಕೈ ಎತ್ತಿದರೆ ಇಡೀ ಕೋಟು ಮೇಲಕ್ಕೆ ಏಳಬೇಕು. ಈ ರಾಣಿಯದು ಎದ್ದಿಲ್ಲ! ಸೊಂಟದ ಹತ್ತಿರ ಒಂದು ಸುಕ್ಕೂ ಇಲ್ಲ. ಅದು ಹೇಗೆ? ಕಂಕುಳಲ್ಲಿ ಚೌಕದ ತುಂಡು ಸೇರಿಸಿ ನೋಡಿದಳು, ಗಂಟುಗಂಟಾಯಿತು. ತೋಳು ಅಗಲ ಮಾಡಿದಳು, ಚೀಲದ ಹಾಗೆ ಜೋತುಬಿತ್ತು. ಚಿತ್ರದಲ್ಲಿ ನೋಡೋಣವೆಂದರೆ ಸರಿಯಾಗಿ ಕಂಕುಳ ಜಾಗದಲ್ಲೇ ಹಾಳು ಹಕ್ಕಿಯ ನೆರಳು. ಆ ಕೋಟು ಈಗಲೂ ಆ ದೇಶದ ಅರಮನೆಯ ಮ್ಯೂಸಿಯಂನಲ್ಲಿದೆ ಎಂದು ಚಿತ್ರದ ಕೆಳಗೆ ಅಚ್ಚಾಗಿತ್ತು. ಅಷ್ಟೇ ಸಾಕಾಯಿತು. ಸಾಯುವುದರೊಳಗೆ ಆ ಕಂಕುಳು ನೋಡಬೇಕು ಎನ್ನುವುದೊಂದೇ ಕತ್ತರಕ್ಕನ ಆಸೆ.

ಆ ಊರಿಗೆ ಮೂರು ದಿನದ ಪ್ರವಾಸ ಹೊರಟಿದೆ ಎಂದು ಗೊತ್ತಾದದ್ದೇ ಅಂಗಡಿಗೆ ಬೀಗ ಬಿತ್ತು. ಒಬ್ಬಳೇ ಹೋಗಲು ಪುಕ್ಕಲು, ಅದಕ್ಕೆ ತಂಗಿಯನ್ನೂ ಕರೆದಳು.

"ನಂಗೆ ಅಲ್ಲೇನಿದೆ ಅಕ್ಕ ನೋಡೋಕೆ?" ಎಂದಳು ಸೂಜಕ್ಕ.

"ಏನೂ ಇಲ್ಲ. ನನ್ನ ಜೊತೆಗೆ ಬಾ, ಅಷ್ಟೇ."

ಏನೂ ಬೇಡ ಎಂದವಳಿಗೆ ಎಲ್ಲವೂ ಸಿಗುವ ಕಥೆ ಅಲ್ಲಿಂದಲೇ ಶುರುವಾಯಿತು. ವಿಮಾನದಲ್ಲಿ ಕಿಟಕಿಯ ಸೀಟು ಸೂಜಕ್ಕನಿಗೆ. ಬದಲಾಯಿಸಿಕೊ ಎಂದು ಕೇಳಲು ಕತ್ತರಕ್ಕನ ಬಿಗುಮಾನ ಬಿಡಲಿಲ್ಲ. ತಾನಾಗಿ ಕೊಡಬೇಕು ಎಂದು ತಂಗಿಗೆ ಹೊಳೆಯಲೇ ಇಲ್ಲ. ಅವಳು ಮೋಡ ನೋಡುವ ಮೊದಲೇ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು.

ಇಳಿದ ಮೇಲೆ ಸೂಟ್‌ಕೇಸಿನ ಪ್ರಸಂಗ. ಗುರುತಿಗಿರಲಿ ಎಂದು ಅಂಗಡಿಯ ಹಸಿರು ಚೌಕಳಿ ಬಟ್ಟೆಯ ಚೂರು ಹಿಡಿಗೆ ಕಟ್ಟಿದ್ದರು. ಕತ್ತರಕ್ಕ ಸೂಟ್‌ಕೇಸಿನ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೋಡುವ ಗೋಜಿಗೇ ಹೋಗಲಿಲ್ಲ. ದೂರದಿಂದ ಚೌಕಳಿ ಕಂಡಿದ್ದೇ ನುಗ್ಗಿ ಎಳೆದುಕೊಂಡಳು. "ನೋಡಕ್ಕ, ಸರಿಯಾಗಿ ನೋಡು" ಎಂದು ತಂಗಿ ಅಂದದ್ದಕ್ಕೆ, "ನಾನು ಕತ್ತರಿಸಿದ ಬಟ್ಟೆ ನಂಗೆ ಗೊತ್ತಾಗಲ್ವೇನೇ?" ಎಂದು ಸಿಡುಕಿದಳು.

ಲಾಡ್ಜಿನ ರೂಮಿನಲ್ಲಿ ತೆರೆದರೆ ಒಳಗೆ ಗಂಡಸರ ಬನಿಯನ್ನು, ಬಿಳಿ ಕ್ಯಾನ್ವಾಸ್ ಶೂ, ಮಾತ್ರೆಗಳ ಡಬ್ಬಿ, ಹಗ್ಗ ಕಟ್ಟಿದ ಒಂದು ಸೀಟಿ.

"ಅಯ್ಯೋ, ಇದು ಡ್ರಿಲ್ ಮೇಷ್ಟ್ರುದು!" ಎಂದು ಸೂಜಕ್ಕ ಬಾಯಿ ಮುಚ್ಚಿಕೊಂಡಳು. ಅವರ ಬೀದಿಯ ಕೊನೆಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ಅದೇ ವಿಮಾನದಲ್ಲಿ, ತಮ್ಮ ಪೆನ್ಶನ್ ಗೆಳೆಯರ ಗುಂಪಿನ ಜೊತೆ ಬಂದಿದ್ದರು. "ನಂಗೂ ಗುರುತಿಗೆ ಒಂದು ಚೂರು ಕೊಡಮ್ಮ ಅಂದ್ರು. ಕೊಟ್ಟೆ."

"ಊರಿಗೆಲ್ಲ ಹಂಚಿದೆಯಾ, ಇನ್ಯಾರಿಗಾದ್ರೂ ಬಾಕಿ ಇದೆಯಾ?"

ಮೇಷ್ಟ್ರು ಆಗಲೇ ಕತ್ತರಕ್ಕನ ಸೂಟ್‌ಕೇಸು ಹೊತ್ತುಕೊಂಡು ಪಕ್ಕದೂರಿಗೆ ಬಸ್ಸು ಹತ್ತಿದ್ದರು. ಫೋನು ಮಾಡಿದರೆ, "ನಾಳೆ ಬೆಳಿಗ್ಗೆ ಎದ್ದವನೇ ಬಂದು ಬದಲಾಯಿಸಿಕೊಳ್ತೀನಮ್ಮ. ಬಿ.ಪಿ. ಮಾತ್ರೆ ಅದರಲ್ಲೇ ಇದೆ, ಎಲ್ಲೂ ಬಿಟ್ಟುಹೋಗ್ಬೇಡಿ" ಎಂದರು.

ಆ ಸಂಜೆ ಊರು ಸುತ್ತಲು ಹೊರಟಾಗ ಗಾಳಿ ಮೂಳೆಯೊಳಗೆ ಇಳಿಯುತ್ತಿತ್ತು. ಕತ್ತರಕ್ಕನ ಕೋಟು ಸೂಟ್‌ಕೇಸಿನ ಜೊತೆಗೇ ಹೋಗಿತ್ತು. ಸೂಜಕ್ಕ ತನ್ನ ಬೂದು ಕೋಟು ಬಿಚ್ಚಿ ಅಕ್ಕನಿಗೆ ಕೊಟ್ಟಳು. ಕತ್ತರಿಸಿದ್ದು ಕತ್ತರಕ್ಕನೇ, ತಂಗಿಯ ಕಡ್ಡಿ ಮೈಯಳತೆಗೆ. ಗುಂಡಿ ಒಂದೂ ಕೂಡಲಿಲ್ಲ. ಕೈ ಎತ್ತಿದರೆ ಕೋಟೆಲ್ಲ ಎದೆಗೇರಿತು. ಸೂಜಕ್ಕ ಲಾಡ್ಜಿನ ಹಾಸಿಗೆಯ ಮೇಲಿದ್ದ ನೀಲಿ ಶಾಲು ಹೊದ್ದು ಬಂದಳು. ಅದೂ ಅವಳಿಗೆ ಒಪ್ಪಬೇಕೆ! ಸೇತುವೆಯ ಹತ್ತಿರ ಗೊತ್ತಿಲ್ಲದ ಹೆಂಗಸೊಬ್ಬಳು ನಿಲ್ಲಿಸಿ, ಶಾಲು ಮುಟ್ಟಿ ನೋಡಿ, ಏನೋ ಮೆಚ್ಚುಗೆಯ ಮಾತಾಡಿದಳು. ಬೂದು ಕೋಟಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದ ಕತ್ತರಕ್ಕನನ್ನು, ಫೋಟೋ ತೆಗೆಯಬೇಕು ಸ್ವಲ್ಪ ಆಚೆ ಸರಿಯಿರಿ ಎಂದು ಕೈಸನ್ನೆ ಮಾಡಿದಳು. ನದಿಯ ನೀರಿನಲ್ಲಿ ದೀಪಗಳು ಬಂಗಾರ ಕರಗಿಸಿ ಚೆಲ್ಲಿದ ಹಾಗೆ ಅಲುಗುತ್ತಿದ್ದವು. ಅಜ್ಜಿಯ ಕಥೆಯ ಪಟ್ಟಣವೇ ಇದು ಎಂದು ಕತ್ತರಕ್ಕನಿಗೆ ಅನ್ನಿಸಿತು. ಹಾಗನ್ನಿಸಿದ ಮರುಗಳಿಗೆಯೇ, ಪಟ್ಟಣ ಅದೇ ಆದರೆ ತಾನೂ ಅದೇ ಹಿರಿಯಳಲ್ಲವೇ ಎಂದು ನೆನಪಾಯಿತು.

ಮರುದಿನ ಬೆಳಿಗ್ಗೆ ಅರಮನೆಗೆ ಹೋಗುವ ಬಸ್ಸು ಲಾಡ್ಜಿನ ಮುಂದೆ ಗುರುಗುಟ್ಟುತ್ತಿತ್ತು. ಮೇಷ್ಟ್ರ ಪತ್ತೆಯಿಲ್ಲ. ಕೌಂಟರಿನವಳು, ಯಾರ ಸಾಮಾನಿಗೂ ನಾವು ಜವಾಬ್ದಾರರಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

"ನಾನು ಕಾಯ್ತೀನಿ ಅಕ್ಕ. ನೀನು ಹೋಗು" ಎಂದಳು ಸೂಜಕ್ಕ.

ಕತ್ತರಕ್ಕ "ಹೂಂ" ಎನ್ನಬಹುದಿತ್ತು. ಒಂದೇ ಒಂದು "ಹೂಂ". ಆದರೆ ನಿನ್ನೆಯಿಂದ ಒಳಗೊಳಗೇ ಕುದಿಯುತ್ತಿದ್ದುದು ಬಾಯಿಗೆ ಬಂತು. "ಬೇಡಮ್ಮ ಬೇಡ. ತಪ್ಪು ಮಾಡಿದವಳು ನಾನು, ಕಾಯೋಳೂ ನಾನೇ. ನೀನು ಹೋಗಿ ಎಲ್ಲಾ ನೋಡ್ಕೊಂಡು ಬಾ. ನಿಂದೇ ಅಲ್ವಾ ಅದೃಷ್ಟ."

ಹಾಗೆ ಅಂದಾಗ ಎದುರಿನವರು "ಛೆ ಛೆ, ಎಲ್ಲಾದರೂ ಉಂಟೆ, ನೀನೇ ಹೋಗು" ಎನ್ನಬೇಕು. ಮೂರು ಸಲ ಅವರು ಎನ್ನಬೇಕು, ಮೂರನೆಯ ಸಲ ಇವಳು ಸೋಲಬೇಕು. ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿ ಸೂಜಕ್ಕನೊಬ್ಬಳಿಗೆ ಗೊತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಅವಳಿಗೆ ಅಭ್ಯಾಸ.

"ಸರಿ ಅಕ್ಕ" ಎಂದು ಬಸ್ಸು ಹತ್ತಿಬಿಟ್ಟಳು.

ಕತ್ತರಕ್ಕ ಕಿಟಕಿಯಲ್ಲಿ ನಿಂತು ಬಸ್ಸು ತಿರುವು ದಾಟುವುದನ್ನು ನೋಡಿದಳು. ಅವಳ ರಾಣಿ, ಅವಳ ಕೋಟು, ಇಷ್ಟು ವರ್ಷ ಹಗಲುಗನಸಿನಲ್ಲಿ ಸುತ್ತುಬಂದ ಅವಳ ಅರಮನೆ, ಎಲ್ಲವೂ ಏನೂ ಬೇಡದವಳ ಕಣ್ಣಿಗೆ ಬೀಳಲು ಹೊರಟಿತ್ತು. ಹೊಟ್ಟೆಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗಾಯಿತು. ಮಂಚದ ತುದಿಯಲ್ಲಿ ಕೂತಳು. ಈಗ ಟಿಕೆಟ್ ಕೊಂಡಿರುತ್ತಾಳೆ. ಈಗ ಮೆಟ್ಟಿಲು ಹತ್ತುತ್ತಿರುತ್ತಾಳೆ. ಆಕಳಿಸುತ್ತಾ ಹತ್ತುತ್ತಿರುತ್ತಾಳೆ! ತಲೆದಿಂಬಿಗೆ ಒಂದು ಗುದ್ದಿದಳು. ಡ್ರಿಲ್ ಮೇಷ್ಟ್ರ ಸೂಟ್‌ಕೇಸಿಗೆ ಒಂದು ಒದ್ದಳು. ಒಳಗಿನ ಸೀಟಿ ಟಣ್ ಎಂದಿತು.

ಮೇಷ್ಟ್ರು ಬಂದದ್ದು ಮಧ್ಯಾಹ್ನದ ಮೇಲೆ. "ಬಸ್ಸು ತಪ್ಪಿ ಇನ್ನೊಂದು ಊರು ನೋಡಿಬಂದೆ ಕಣಮ್ಮ, ಚೆನ್ನಾಗಿತ್ತು" ಎಂದು ನಗುತ್ತಾ ಸೂಟ್‌ಕೇಸು ಒಪ್ಪಿಸಿದರು. ಕತ್ತರಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿ ತಲುಪುವ ಹೊತ್ತಿಗೆ ಅರಮನೆಯ ದೊಡ್ಡ ಬಾಗಿಲಿಗೆ ಅಗುಳಿ ಬಿದ್ದಾಗಿತ್ತು. ನಾಳೆ ವಾರದ ರಜೆ ಎಂದು ಕಾವಲಿನವನು ಕೈಯಾಡಿಸಿ ತೋರಿಸಿದ. ನಾಡಿದ್ದು ಬೆಳಿಗ್ಗೆ ವಿಮಾನ.

ರೂಮಿನಲ್ಲಿ ಸೂಜಕ್ಕ ಕಾಲು ನೀವಿಕೊಳ್ಳುತ್ತಾ ಕೂತಿದ್ದಳು. "ಎಲ್ಲಿ ಹೋಗಿದ್ದೆ ಅಕ್ಕ? ಕೋಟು ನೋಡ್ದೆ. ಗಾಜಿನ ಪೆಟ್ಟಿಗೇಲಿ ನಿಲ್ಸಿದ್ದಾರೆ, ಸುತ್ತ ಬಂದು ನೋಡಬಹುದು. ನಾನು ಕೆಳಗೆ ಕೂತು ಬಗ್ಗಿ ನೋಡ್ತಿದ್ದೆನಾ, ಅಲ್ಲಿನ ಕಾವಲಿನಮ್ಮ ಪಾಪ, ಟಾರ್ಚು ತಂದು ಬೆಳಕು ಬಿಟ್ಟಳು."

ಟಾರ್ಚು! ಇವಳಿಗೆ ಟಾರ್ಚು ಹಿಡಿಯುವವರು ಬೇರೆ!

ಕಂಕುಳು ಹೇಗಿತ್ತು ಎನ್ನುವ ಮಾತು ಕತ್ತರಕ್ಕನ ನಾಲಿಗೆಯ ತುದಿಗೆ ಬಂದು ಹಲ್ಲಿಗೆ ಬಡಿದು ಒಳಗೆ ಹೋಯಿತು. ಕೇಳಿದರೆ ಏನಾಗುತ್ತದೆ? ಇನ್ನು ಮುಂದೆ ಆ ಕೋಟು ತಂಗಿ ನೋಡಿದ ಕೋಟಾಗುತ್ತದೆ. ಗೋಡೆಯ ಚಿತ್ರ ತಂಗಿಯದಾಗುತ್ತದೆ. ಅಂಗಡಿಗೆ ಬಂದವರು, "ನಿಮ್ಮ ತಂಗಿ ನೋಡಿಬಂದ್ರಂತೆ" ಎನ್ನುತ್ತಾರೆ. "ನಂಗೆ ತಲೆನೋವು" ಎಂದು ಮುಸುಕೆಳೆದಳು. ಸೂಜಕ್ಕ ಮುಂದೆ ಹೇಳಲಿಲ್ಲ. ಕೇಳದೆ ಹೇಳುವ ಹಾಗಿಲ್ಲವಲ್ಲ. ಕಟ್ಟಳೆ ಕಡಲಾಚೆಗೂ ಕಟ್ಟಳೆಯೇ.

ಮೂರನೆಯ ದಿನ ಗೈಡು ತೋಟ ತೋರಿಸಿದಳು, ಗಡಿಯಾರದ ಗೋಪುರ ತೋರಿಸಿದಳು. ಎಲ್ಲರೂ ಕತ್ತೆತ್ತಿ ನೋಡಿದರು. ಕತ್ತರಕ್ಕ ತಂಗಿಯ ಕಣ್ಣನ್ನೇ ನೋಡಿದಳು: ಕಂಡದ್ದು ಆ ಎರಡು ಕಣ್ಣೊಳಗಿದೆ, ಬಗ್ಗಿ ತೆಗೆದುಕೊಳ್ಳುವ ಹಾಗಿದ್ದರೆ!

ಹೊರಡುವ ದಿನ ವಿಮಾನ ತಡವೆಂದರು. ಕಾಯುವ ಹಾಲ್‌ನಲ್ಲಿ ಡ್ರಿಲ್ ಮೇಷ್ಟ್ರೂ ಗೆಳೆಯರೂ ಎದುರಿನ ಸಾಲಿನಲ್ಲೇ ಕೂತಿದ್ದರು. ಕತ್ತರಕ್ಕ ತನ್ನ ಕೋಟು ಕೈಗೆ ಬಂದಿದ್ದರೂ ಯಾಕೋ ಆ ಬಿಗಿಯಾದ ಬೂದು ಕೋಟನ್ನೇ ತೊಟ್ಟಿದ್ದಳು. ಜಾರಿದ ಚೀಲ ಹೆಗಲಿಗೇರಿಸಲು ಕೈ ಎತ್ತಿದಳು. ಕೋಟು ಎಂದಿನಂತೆ ಎದೆಗೆ ಏರಿತು. ಅವಳು ಕತ್ತರಿಸಿದ ಕೋಟು. ಅವಳಿಗೆ ಗೊತ್ತಿಲ್ಲದ್ದು ಅವಳ ಮೈಮೇಲೇ ಮುದುರಿಕೊಂಡು ಕೂತಿತ್ತು. ಇನ್ನು ಮನೆಗೆ ಹೋಗಿ, ಕತ್ತರಿ ಹಲಗೆಯ ಮುಂದೆ ನಿಂತು, ಸಾಯುವ ತನಕ ಹಕ್ಕಿಯ ನೆರಳು ನೋಡುತ್ತಿರುವುದು. ಪಕ್ಕದಲ್ಲಿ ತಂಗಿ, ಎಲ್ಲ ಗೊತ್ತಿದ್ದೂ, ಟಕಟಕ ಹೊಲಿಯುತ್ತಿರುವುದು. ಕಲ್ಲಾಗುವುದು ಎಂದರೆ ಇದೇ ಇರಬೇಕು.

"ಏನೇ," ಎಂದಳು, ಎತ್ತಲೋ ನೋಡುತ್ತಾ. "ಆ ಕಂಕುಳು... ಹೇಗಿತ್ತೇ?"

"ಅಬ್ಬ! ಕೇಳಿದೆಯಾ?" ಸೂಜಕ್ಕನ ಮುಖ ಅರಳಿತು. "ಎರಡು ದಿನದಿಂದ ಹೊಟ್ಟೆ ಉಬ್ಬರಿಸಿಕೊಂಡು ಕೂತಿದ್ದೀನಿ. ಬಾಯಲ್ಲಿ ಹೇಳೋಕೆ ಬರಲ್ಲ. ಸೀಮೆಸುಣ್ಣ ಕೊಡು."

ಬಟ್ಟೆಗೆ ಗೀರೆಳೆಯುವ ಸೀಮೆಸುಣ್ಣ ಕತ್ತರಕ್ಕನ ಪರ್ಸಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ತಂಗಿಯ ಕೈಗೆ ಕೊಟ್ಟದ್ದು ಇದೇ ಮೊದಲು. ಕೊಡುವಾಗ ಬೆರಳು ಒಂದು ಗಳಿಗೆ ಬಿಗಿಯಾಗಿಯೇ ಇತ್ತು, ಸೂಜಕ್ಕ ಎಳೆದುಕೊಳ್ಳಬೇಕಾಯಿತು.

"ನಿಂತ್ಕೋ. ಕೈ ಎತ್ತು."

ಇಡೀ ಹಾಲ್ ನೋಡುತ್ತಿರಲು ಕತ್ತರಕ್ಕ ರಾಣಿಯ ಹಾಗೆ ಕೈ ಎತ್ತಿ ನಿಂತಳು. ಹಕ್ಕಿಯೊಂದು ಕಡಿಮೆ. ಎದುರು ಸಾಲಿನಿಂದ ಮೇಷ್ಟ್ರು, "ಇನ್ನೂ ಮೇಲೆ! ಮೊಣಕೈ ನೆಟ್ಟಗೆ!" ಎಂದು ಸೀಟಿ ಊದಿಯೇಬಿಟ್ಟರು.

"ಸುಮ್ನಿರಿ ಮೇಷ್ಟ್ರೇ!" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಸೂಜಕ್ಕ ಮಣಿಕಟ್ಟಿನಿಂದ ಶುರುಮಾಡಿ, ತೋಳಿನ ಅಡಿಭಾಗದಲ್ಲಿ, ಕಂಕುಳಲ್ಲಿ ನಿಲ್ಲದೆ, ಪಕ್ಕೆಯ ಮೇಲಿಂದ ಕೋಟಿನ ಅಂಚಿನವರೆಗೆ ಎರಡು ಗೀರು ಎಳೆದಳು. "ಇಷ್ಟಗಲ, ಒಂದೇ ತುಂಡು. ತೋಳಿನ ಅಡಿಯೂ ಅದೇ, ಪಕ್ಕೆಯೂ ಅದೇ. ಕಂಕುಳಲ್ಲಿ ಹೊಲಿಗೆಯೇ ಇಲ್ಲ ಅಕ್ಕ."

ಹೊಲಿಗೆಯೇ ಇಲ್ಲ. ಇಷ್ಟು ವರ್ಷ ಅವಳು ಹುಡುಕಿದ್ದು ಅಲ್ಲಿ ಇರದ ಹೊಲಿಗೆಯನ್ನು. ಕತ್ತರಕ್ಕನಿಗೆ ಸಂತೋಷವೂ ಸಂಕಟವೂ ಒಟ್ಟಿಗೇ ಬಂತು. ಇದನ್ನು ಮೊದಲು ನೋಡಿದವಳು ಇವಳು, ಇವಳು! ಎತ್ತಿದ ಕೈ ಹಾಗೇ ಇತ್ತು. ಕಣ್ಣು ಮುಚ್ಚಿ ಆ ಉದ್ದನೆಯ ತುಂಡನ್ನು ಮನಸ್ಸಿನಲ್ಲೇ ಹಲಗೆಯ ಮೇಲೆ ಹಾಸಿ ನೋಡಿದಳು. ನೇರ ಇಟ್ಟು ಕತ್ತರಿಸಿದರೆ ಎಳೆದಾಗ ಹರಿಯುತ್ತದೆ.

"ಬಟ್ಟೆಯ ಎಳೆ ಹೇಗಿತ್ತು? ನೇರವೋ ಓರೆಯೋ?"

"ಅದನ್ನೇ ಕೇಳೋಣ ಅಂತಿದ್ದೆ. ಮಿಕ್ಕ ಕಡೆ ಎಲ್ಲ ನೆಟ್ಟಗಿದೆ, ಅಲ್ಲೊಂದು ಕಡೆ ಎಳೆ ಓರೆಯಾಗಿ ಓಡಿದೆ. ಬಟ್ಟೆ ಸಾಲದೆ ಹೇಗೋ ತೇಪೆ ಹಾಕಿದ್ದಾರೆ ಅಂದ್ಕೊಂಡೆ."

"ತೇಪೆ ಅಲ್ವೇ ಪೆದ್ದಿ!" ಕತ್ತರಕ್ಕ ಕೂಗಿಯೇಬಿಟ್ಟಳು. "ಬೇಕೂಂತಲೇ ಓರೆ ಇಟ್ಟು ಕತ್ತರಿಸಿದ್ದಾರೆ. ಓರೆ ಇದ್ರೆ ಬಟ್ಟೆ ಹಿಗ್ಗುತ್ತೆ. ಅದಕ್ಕೇ ಕೈ ಎತ್ತಿದರೂ ಕೋಟು ಏಳಲ್ಲ!"

"ಓಹೋ," ಎಂದಳು ಸೂಜಕ್ಕ, ನಿಜವಾಗಿ ಬೆರಗಾಗಿ. "ನಾನು ಟಾರ್ಚು ಹಾಕಿಸಿ ನೋಡಿದ್ರೂ ಹೊಳೆಯಲಿಲ್ಲ. ನೀನು ನೋಡದೇ ಹೇಳಿದೆ ನೋಡು."

ಕತ್ತರಕ್ಕ ಕೈ ಇಳಿಸಿದಳು. ಆ ಮಾತು ಹೊಟ್ಟೆಯ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು. ಆರಿತು ಎನ್ನುವ ಹಾಗಿಲ್ಲ. ಸೀಮೆಸುಣ್ಣ ವಾಪಸು ಕೇಳಲು ಕೈ ಚಾಚಿದಳು, ಆಮೇಲೆ, "ಇಟ್ಕೋ, ಇನ್ನೊಂದಿದೆ" ಎಂದಳು.

ವಿಮಾನದಲ್ಲಿ ಕಿಟಕಿಯ ಸೀಟು ಮತ್ತೆ ಸೂಜಕ್ಕನಿಗೇ ಬಂತು.

"ನಂಗೆ ಕೊಡೇ" ಎಂದಳು ಕತ್ತರಕ್ಕ. ಕೇಳಿದ್ದಕ್ಕೆ ತನಗೇ ಆಶ್ಚರ್ಯವಾಯಿತು.

"ಬೇಕಿತ್ತಾ? ಬರುವಾಗಲೇ ಕೇಳಬಾರದಿತ್ತಾ?" ಎಂದು ಸೂಜಕ್ಕ ಎದ್ದು ಈಚೆ ಕೂತಳು, ಕೂತ ಕೂಡಲೇ ನಿದ್ದೆಹೋದಳು.

ಕೆಳಗೆ ಬಂಗಾರದ ಪಟ್ಟಣ ಚಿಕ್ಕದಾಗುತ್ತಾ ಹೋಯಿತು. ಕತ್ತರಕ್ಕ ಹಣೆಯನ್ನು ಗಾಜಿಗೆ ಒತ್ತಿ ಅರಮನೆಯ ಮಾಡು ಯಾವುದಿರಬಹುದೆಂದು ಹುಡುಕಿದಳು. ಅದರೊಳಗೆ, ಗಾಜಿನ ಪೆಟ್ಟಿಗೆಯಲ್ಲಿ, ತಾನು ನೋಡದ ಕೋಟು. ಪಕ್ಕದಲ್ಲಿ ತಂಗಿಯ ಮುಚ್ಚಿದ ರೆಪ್ಪೆಯ ಹಿಂದೆ ಆ ಕೋಟು ಈಗಲೂ ನಿಂತಿರಬೇಕು. ಒಂದು ಗಳಿಗೆ ಆ ರೆಪ್ಪೆಗಳನ್ನು ಕಿತ್ತುಕೊಳ್ಳುವ ಹಾಗೆ ನೋಡಿದಳು. ಆಮೇಲೆ ಬೂದು ಕೋಟಿನ ಪಕ್ಕೆಯ ಮೇಲಿನ ಬಿಳಿ ಗೀರು ಸೀಟಿಗೆ ಉಜ್ಜಿ ಅಳಿಸಿಹೋಗದ ಹಾಗೆ, ಆ ತೋಳನ್ನು ಸ್ವಲ್ಪ ಮೇಲೆತ್ತಿ ಹಿಡಿದುಕೊಂಡೇ ಕೂತಳು.