ಮತ್ತೆ ಮತ್ತೆ ನೋಡಿದ ಸಾಲು

ಕಚೇರಿಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಇಟ್ಟಿಗೆ ಮುಟ್ಟಿದವನಲ್ಲ, ಆಸ್ಪತ್ರೆಯವರು ರೋಗಿಗಳ ಫೋನಿಗೆ ಕಳಿಸುವ ವರದಿಯನ್ನು ತಾನಾಗಿ ಜೋಡಿಸಿ ತೋರಿಸುವ ಯಂತ್ರಕ್ಕೆ ಬುದ್ಧಿ ಕಲಿಸಿದವನು. ಯಾವುದು ಮೇಲೆ, ಯಾವುದು ಕೆಳಗೆ, ಯಾವುದಕ್ಕೆ ದಪ್ಪಕ್ಷರ ಎಂದು ಅದೇ ತೀರ್ಮಾನಿಸುತ್ತಿತ್ತು. ಅದರೊಳಗಿನ ಒಂದು ನಿಯಮ ಮಾತ್ರ ಇವನ ಸ್ವಂತದ್ದು. ಅದರಿಂದ ಇವನಿಗೆ ಕೊಂಬೇ ಬಂದಿತ್ತು.

"ಒಂದೇ ಸಾಲನ್ನ ಮತ್ತೆ ಮತ್ತೆ ತೆಗೆದು ನೋಡ್ತಾರೆ ಅಂದ್ರೆ ಅವರಿಗೆ ಅರ್ಥ ಆಗಿಲ್ಲ ಅಂತ. ಅದನ್ನ ಮೇಲಕ್ಕೆ ತಂದು, ದೊಡ್ಡದು ಮಾಡಿ, ಮಕ್ಕಳಿಗೂ ತಿಳಿಯೋ ಹಾಗೆ ಹೇಳ್ಬೇಕು," ಎಂದು ಸಭೆಯಲ್ಲಿ ಹೇಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅರ್ಥವಾದದ್ದನ್ನು ನಂಬಲಾಗದೆಯೂ ಜನ ಮತ್ತೆ ನೋಡುತ್ತಾರೆ ಎಂಬುದು ಆ ಜಾಣರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅವನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ವಿಷಯ ಹೇಳಿದರು.

"ಅವಳಿಗೆ ಗೊತ್ತಾಗೋದು ಬೇಡ ಡಾಕ್ಟ್ರೇ. ಹೆದರುಪುಕ್ಕಲಿ ಅವಳು, ಇರೋ ದಿನಾನೂ ಬದುಕಲ್ಲ," ಎಂದು ಗೋಗರೆದ.

ಮನೆಗೆ ಬಂದು, "ಹುಣ್ಣಂತೆ ಕಣೆ. ಮಾತ್ರೆ ತಗೊಂಡ್ರೆ ಹೋಗುತ್ತೆ," ಎಂದ. ಗಂಡನ ಮಾತೆಂದರೆ ಅವಳಿಗೆ ಕಲ್ಲಿನ ಮೇಲೆ ಕೊರೆದ ಗೆರೆ. ನೋವು ಹೋದ ಮೇಲೆ ಅಕ್ಕನ ಮನೆಯಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆಂದಳು. ಅವನು ಹೂಂ ಎಂದ.

ವರದಿ ಬಂದದ್ದು ಅವಳ ಫೋನಿಗೆ, ಇವನದೇ ಯಂತ್ರದ ಮೂಲಕ. ಡಾಕ್ಟರು ಹೇಳಿದ ವಿಷಯದ ಸಾಲು ಐದನೇ ಪುಟದ ತಳದಲ್ಲಿ, ವೈದ್ಯರಿಗಷ್ಟೇ ತಿಳಿಯುವ ಪದಗಳಲ್ಲಿತ್ತು. ಅವಳು ಮುಂದಿನ ತಪಾಸಣೆಯ ತಾರೀಕು ನೋಡಿ ಮುಚ್ಚಿಬಿಡುತ್ತಿದ್ದಳು. ಅವಳು ಸ್ನಾನಕ್ಕೆ ಹೋದಾಗಲೆಲ್ಲ ಇವನು ಕಳ್ಳನಂತೆ ಫೋನು ತೆಗೆದು ಆ ಸಾಲು ಓದುತ್ತಿದ್ದ. ತಾನೇ ತಪ್ಪು ಓದಿರಬಹುದೆಂಬ ಹುಚ್ಚು ಆಸೆ. ಹತ್ತು ದಿನದಲ್ಲಿ ಅದೆಷ್ಟು ಸಲ ಓದಿದನೋ, ಅವನು ಎಣಿಸಲಿಲ್ಲ. ಯಂತ್ರ ಎಣಿಸಿತು.

ಹನ್ನೊಂದನೇ ದಿನ ಬೆಳಿಗ್ಗೆ, ತಿಂಡಿಯ ಮೇಜಿನಲ್ಲಿ, ಅವಳು ತಾರೀಕು ನೋಡಲೆಂದು ಫೋನು ತೆರೆದಳು. ಎದುರಿಗೆ ಕೂತವನಿಗೆ ತಲೆಕೆಳಗಾಗಿಯೂ ಓದಲಾಗುವಷ್ಟು ದೊಡ್ಡ ಅಕ್ಷರಗಳು, ತಿಳಿನೀಲಿ ಬಣ್ಣದಲ್ಲಿ: ನಿಮ್ಮ ಕಾಯಿಲೆ ವಾಸಿಯಾಗುವುದಿಲ್ಲ. ನಿಮಗೆ ಉಳಿದಿರುವುದು ಸುಮಾರು ಮೂರು ತಿಂಗಳು. ಅದರ ಕೆಳಗೆ, ಈಗ ಅರ್ಥವಾಯಿತೇ? ಹೌದು, ಇಲ್ಲ ಎಂಬ ಎರಡು ಗುಂಡಿಗಳು.

ಅವಳು ‘ಹೌದು’ ಒತ್ತಿ, ಫೋನನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಚೆನ್ನಾಗಿ ಮಾಡಿದೀರ ಕಣ್ರೀ," ಎಂದಳು. "ಕನ್ನಡಕ ಇಲ್ದೇನೇ ಓದೋಕಾಯ್ತು."